ಬಾಲದಲ್ಲಿ ‘ತಾನು’

ಮಂಗಳವಾರ, ಗುರುವಾರ, ಮೀನು ಕಾರ್ಖಾನೆಯ ಪಾಳಿ ಬಿಟ್ಟ ಮೇಲೆ
ಶಾಲೆಯ ಕೆಳಗಿನ ಕೋಣೆಯಲ್ಲಿ ಐಸ್‌ಲ್ಯಾಂಡಿಕ್ ಪಾಠ.
ಏಳು ಜನ. ಎಷ್ಟು ತೊಳೆದರೂ ಬೆರಳಲ್ಲಿ ಕಾಡ್ ಮೀನು.
ಮಕ್ಕಳ ಬೆಂಚು, ಮೊಣಕಾಲು ಮೇಜಿನಡಿ ಹಿಡಿಸದು.
ನವೆಂಬರಿನಿಂದ ಸೂರ್ಯ ಗುಡ್ಡ ದಾಟಿಲ್ಲ.

ಸ್ಟೇನ್‌ವೋರ್ ಟೀಚರಿಗೆ ಅರವತ್ತೊಂಬತ್ತು.
ಬೋರ್ಡಿನಲ್ಲಿ ಎರಡು ಗೆರೆ ಎಳೆದು ಮೂರು ಮನೆ ಮಾಡಿದರು.
ಈಚೆ ಕರ್ತರಿ, ಆಚೆ ಕರ್ಮಣಿ.
ನಡುಮನೆಗೆ ಹೆಸರು ಬರೆಯಲಿಲ್ಲ,
ಒಂದು ಬಾಲ ಮಾತ್ರ ಬರೆದರು: ಸ್ತ್.

“ಹಿಂದೆ ಇದೊಂದು ಇಡೀ ಪದ. ‘ತನ್ನನ್ನು’ ಅಂತ.
ಕ್ರಿಯಾಪದದ ಹಿಂದೆ ಹಿಂದೆಯೇ ನಡೆದು, ಕಾಲು ಸವೆದು
ಕೊನೆಗೆ ಅದಕ್ಕೇ ಅಂಟಿತು,
ದೋಣಿಯ ತಳಕ್ಕೆ ಚಿಪ್ಪು ಹತ್ತಿದ ಹಾಗೆ.
ಈಗ ಕೆರೆದರೆ ಮರವೂ ಕಿತ್ತು ಬರುತ್ತದೆ.”

ನಮ್ಮಲ್ಲಿ ಇನ್ನೂ ಅಂಟಿಲ್ಲ, ಅಂದಳು ಬ್ರೊನಿಸ್ವಾವಾ,
ಪೋಲಿಷ್‌ನಲ್ಲಿ ಅದು ವಾಕ್ಯದ ತುಂಬ ಓಡಾಡಿಕೊಂಡಿರುತ್ತದೆ,
ಮದುವೆಮನೆಯಲ್ಲಿ ಯಾರದೆಂದು ಗೊತ್ತಿಲ್ಲದ ಮಗು.
ನಕ್ಕರು. ಹೀಟರ್ ಟಿಕ್ ಟಿಕ್ ಅಂದಿತು.

ಬಾಗಿಲು ತೆರೆಯಿತು. ಯಾರೂ ತೆರೆಯಲಿಲ್ಲ,
ಯಾರಿಂದಲೂ ತೆರೆಯಲ್ಪಡಲಿಲ್ಲ. ನಡುಮನೆ.
ಹುಟ್ಟುವುದು ನಡುಮನೆಯಲ್ಲಿ, ಮುದಿಯಾಗುವುದೂ.
ಸಾಯುವುದಕ್ಕೆ ಬಾಲವಿಲ್ಲ, ಅದು ಅಪ್ಪಟ ಕರ್ತರಿ,
ಅವರವರೇ ಮಾಡಬೇಕು.
ನೆನೆಯುವುದಕ್ಕೆ ಬಾಲವುಂಟು;
ಬಹಳ ಹಿಂದೆ ಅದೇ ಪದಕ್ಕೆ
ಹೊಸ್ತಿಲಲ್ಲಿ ಮುತ್ತಿಡುವುದು ಎಂದೂ ಅರ್ಥವಿತ್ತಂತೆ.

“ಇನ್ನು, ‘ಹೋಗು’ ಅನ್ನುವುದಕ್ಕೆ ಬಾಲ ಹಚ್ಚಿ.”
ತನ್ನನ್ನು ತಾನೇ ಕರೆದುಕೊಂಡು ಹೋಗುವುದು? ಅಂದರು ಯಾರೋ.
ಟೀಚರ್ ಸೀಮೆಸುಣ್ಣ ಕೆಳಗಿಟ್ಟರು.
“ದೋಣಿಗೆ ಹೇಳುತ್ತೇವೆ. ಜನರ ಸಮೇತ ಮುಳುಗಿದ್ದಕ್ಕೆ.
ರೇಡಿಯೋದವನು ಓದಿದ: ಫೋರ್ಸ್ತ್.
ನನಗೆ ಹನ್ನೊಂದು. ಒಳಗೆ ಐದು ಜನ,
ಅಡುಗೆಯ ಹುಡುಗ ನನ್ನಣ್ಣ, ಔಸ್ವಾಲ್ದುರ್.
ಅಮ್ಮ ಆಲೂಗಡ್ಡೆ ಸುಲಿಯುತ್ತಿದ್ದಳು. ಸುಲಿಯುತ್ತಲೇ ಇದ್ದಳು,
ಅದು ಬಟಾಣಿಯಷ್ಟಾಗುವ ತನಕ.”

(ಇದನ್ನು ಕನ್ನಡಕ್ಕೆ ತರಲು ಕೂತರೆ ಕೈಯಲ್ಲಿ ಎರಡೇ ಹುಟ್ಟು.
‘ಪಡು’ ಅಂದರೆ ನೋವು ಪಡು, ಪಾಡು ಪಡು.
‘ಕೊಳ್ಳು’ ಅಂದರೆ ಕೈ ಚಾಚಬೇಕು.
ದೋಣಿ ಏನನ್ನೂ ಪಡಲಿಲ್ಲ, ಏನನ್ನೂ ಕೊಳ್ಳಲಿಲ್ಲ.
ಕಳೆದುಹೋಯಿತು, ಅನ್ನಬಹುದು.
ಇಲ್ಲೂ ಕೊನೆಗೆ ಅದೇ ‘ಹೋಗು’
ಒದ್ದೆ ಬೂಟಿನಲ್ಲಿ ನಿಂತಿದೆ.)

“ಅಮ್ಮನಿಗೆ ಆ ಪದ ಸಾಕಾಗಿತ್ತು.
ಅಪ್ಪನಿಗೆ ಮಾತ್ರ ಆ ಬಾಲ ಸಹಿಸಲಿಲ್ಲ.
ಕಳಿಸಿದವನೊಬ್ಬನಿದ್ದ, ಅನ್ನುತ್ತಿದ್ದ,
ಹಗ್ಗದ ಮೇಲೆ ಹಿಮ ಕಟ್ಟುವುದು ಕಂಡೂ ಕಳಿಸಿದವನು.
ಅಷ್ಟು ದೊಡ್ಡ ಮನುಷ್ಯ
ಎರಡಕ್ಷರದ ಹಿಂದೆ ಹೇಗೆ ಅಡಗಿದ?”

ಬ್ರೊನಿಸ್ವಾವಾ ಎಡಗೈಯನ್ನು ಮೇಜಿನ ಮೇಲಿಟ್ಟಳು.
ನಡುಬೆರಳು, ಉಂಗುರಬೆರಳು, ಬಟ್ಟೆಯ ಒಂದೇ ಗಂಟು.
ಚೀಲದಿಂದ ಕಾರ್ಖಾನೆಯ ಫಾರಂ ತೆಗೆದಳು.
ಒಂದೇ ಸಾಲು: ಕೆಲಸಗಾರ್ತಿಗೆ ಗಾಯವಾಯಿತು.
ತುದಿಯಲ್ಲಿ ಅದೇ ಬಾಲ.
ಕೆಳಗೆ ಅವಳ ಸಹಿಗೆ ಖಾಲಿ ಜಾಗ.
“ಯಂತ್ರದ ಮುಚ್ಚಳ ಬಿಚ್ಚಿಟ್ಟಿದ್ದರು, ಟೀಚರ್,
ಬೇಗ ಓಡಲಿ ಅಂತ. ಅದು ಇದರಲ್ಲಿ ಎಲ್ಲಿದೆ?”

ಸ್ಟೇನ್‌ವೋರ್ ಕನ್ನಡಕ ಏರಿಸಿ ಓದಿದರು.
ವ್ಯಾಕರಣ ಸರಿಯಿದೆ, ಅಂದರು. ಒಂದು ತಪ್ಪೂ ಇಲ್ಲ.
ಇನ್ನೊಮ್ಮೆ ಓದಿದರು.
ಆಮೇಲೆ ಎದ್ದು, ಈಚೆಯ ಮನೆಯಲ್ಲಿ
ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬರೆದರು:
ಡ್ಯಾಷ್. ಮುಚ್ಚಳ ತೆಗೆದ.
“ಡ್ಯಾಷ್ ಯಾರೆಂದು ಗೊತ್ತಲ್ಲ?”
“ಗೊತ್ತು.”
“ಪೆನ್ಸಿಲ್ ಬೇಡ. ಪೆನ್ನಲ್ಲಿ ತುಂಬು.”

ಗೂಟದಿಂದ ಕೋಟುಗಳು ಇಳಿದವು.
ಮೆಟ್ಟಿಲ ಬಳಿ, ಹೊರಡುವಾಗಿನ ಮಾತು: ಸ್ಯೌಮ್ಸ್ತ್.
ನಾನು ನಿನ್ನನ್ನು ನೋಡುವುದಲ್ಲ,
ನಿನ್ನಿಂದ ನೋಡಲ್ಪಡುವುದೂ ಅಲ್ಲ.
ಇದೊಂದಕ್ಕೆ ಕನ್ನಡದಲ್ಲಿ ಬಾಲ ಬೇಕಿಲ್ಲ: ಕಾಣುವ.

ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ ಅವಳಿಗೆ.
ಟೀಚರ್ ಹಾಕಿದರು,
ಕೆಳಗಿನಿಂದ ಮೇಲಕ್ಕೆ, ಕತ್ತಿನ ತನಕ.